ಮುಂದಿನ ಉದ್ದ ಸೀಟು

“ನಡುವ ಕೊಯ್ದು ಎರಡ ಸೀಟ ಮಾಡಿದ್ರ ನಿನ್ನ ಗಂಟೇನ ಹೋಗ್ತದೋ?” ಹಲ್ಲಿನಿಂದ ದಾರ ಕಡಿಯುತ್ತ ಕಾಸಿಮಸಾಬ ಕೇಳಿದ.

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ಅವನ ಕುಶನ್ ಅಂಗಡಿಯ ನೆಲವನ್ನೆಲ್ಲ ಆವತ್ತು ಒಂದೇ ಸೀಟು ಆಕ್ರಮಿಸಿತ್ತು. ಹಳೆಯ ಪದ್ಮಿನಿ ಕಾರಿನ ಮುಂದಿನ ಸೀಟು. ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಅಖಂಡವಾಗಿ, ಮನೆಯ ಪಡಸಾಲೆಯ ಮರದ ಬೆಂಚಿನಂತೆ ಉದ್ದಕ್ಕೆ ಮಲಗಿತ್ತು. ಸಿದ್ಧಾರೂಢ ಬಣ್ಣದ ಡಬ್ಬಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಕುಳಿತು, ಕೆಂಗಂದು ರೆಕ್ಸಿನ್ನಿನ ತುದಿಯನ್ನು ಎರಡೂ ಕೈಯಿಂದ ಜಗ್ಗಿ ಹಿಡಿದಿದ್ದ.

“ಕಾಕಾ, ನೀ ಹೊಲಿ. ಸೀಟು ಒಂದ ಇರ್ಲಿ.”

“ಎಂಜಿನ್ ವ್ಯಾನಿಂದು. ಬ್ರೇಕ್ ಈಗಿನವು. ಎ.ಸಿ. ಹಾಕೀದಿ. ಸ್ಟೀರಿಂಗ್ ಒಂದ ಬೆರಳೀಲೆ ತಿರಗ್ತದ. ಎಲ್ಲಾ ಹೊಸಾದು ಬೇಕು ನಿನಗ, ಕುಂದ್ರೂದು ಮಾತ್ರ ನಿಮ್ಮಪ್ಪನ ಕಾಲದ್ದು! ಮ್ಯಾಲ ಕೋಟು ತೆಳಗ ಧೋತರ ಉಟ್ಟಂಗ ಆತು.”

“ನಮ್ಮಪ್ಪ ಹಂಗ ಉಡತಿದ್ದ ಕಾಕಾ. ಛಲೋ ಕಾಣತಿದ್ದ.”

ಕಾಸಿಮಸಾಬ ನಕ್ಕ. ಸೂಜಿಯನ್ನು ತಲೆಯ ಟೋಪಿಗೆ ಒರೆಸಿಕೊಂಡು ಮತ್ತೆ ಚುಚ್ಚಿದ. ಇನ್ನೊಂದು ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಇಷ್ಟು ಉದ್ದದ ಸೀಟಿನಲ್ಲಿ ಕೂಡುವವರು ಯಾರು ಎಂಬ ಮಾತು. ಅದನ್ನು ಅವನು ದಾರದ ಜೊತೆಗೇ ನುಂಗಿಕೊಂಡ. ಆ ಮನೆಯ ಸಂಗತಿ ಅವನಿಗೆ ಗೊತ್ತಿತ್ತು.

ಕಾರು ಸಿದ್ಧಾರೂಢನ ಅಪ್ಪನದು. ಅಪ್ಪ ಫಕೀರಪ್ಪ ಅರಳೆ ದಲಾಲಿ ಮಾಡುತ್ತಿದ್ದವನು. ಆ ಕಾರಿನ ಡಿಕ್ಕಿಯಲ್ಲಿ ಅರಳೆಯ ಮಾದರಿ ಗಂಟುಗಳನ್ನು ತುಂಬಿಕೊಂಡು ಊರೂರು ತಿರುಗಿದ್ದ. ಅವನು ಹೋದ ಮೇಲೆ ಮಗ ದಲಾಲಿಗೆ ಇಳಿಯಲಿಲ್ಲ. ತಾರಿಹಾಳದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ಸೇರಿದ. ಕಾರು ಮಾತ್ರ ಉಳಿಯಿತು. ಮದುವೆಯಾದ ಹೊಸದರಲ್ಲಿ ಭಾನುವಾರಗಳಂದು ಹೆಂಡತಿ ಉಮಾಶ್ರೀಯನ್ನು ಎಡಕ್ಕೆ ಕೂರಿಸಿಕೊಂಡು ಅದರಲ್ಲೇ ತಿರುಗಿದ. ಮಗಳು ಸಾನ್ವಿ ಹುಟ್ಟಿದ ಮೇಲೆ ಅವಳು ನಡುವೆ. ಪದ್ಮಿನಿಯ ಗೇರು ಕೆಳಗೆ ನೆಲದಲ್ಲಿರುವುದಿಲ್ಲ, ಸ್ಟೀರಿಂಗಿನ ಎಡಮಗ್ಗುಲಿಗೆ ಕಡ್ಡಿಯ ಹಾಗೆ ಚಾಚಿಕೊಂಡಿರುತ್ತದೆ. ಹೀಗಾಗಿ ನಡುವೆ ಕಾಲು ಚಾಚಲು ಜಾಗವೋ ಜಾಗ. ಅಪ್ಪ ಗೇರು ಬದಲಿಸುವಾಗಲೆಲ್ಲ ಸಾನ್ವಿ ಅವನ ಕೈಯ ಮೇಲೆ ತನ್ನ ಅಂಗೈ ಇಟ್ಟು, ತಾನೇ ಗಾಡಿ ಹೊಡೆದಂತೆ ಬಾಯಲ್ಲಿ ಸದ್ದು ಮಾಡುತ್ತಿದ್ದಳು. ಮೂವರೂ ಒಂದೇ ಸಾಲಿನಲ್ಲಿ. ಹಿಂದಿನ ಸೀಟಿನಲ್ಲಿ ಕಾಯಿಪಲ್ಲೆಯ ಚೀಲ.

ಆಮೇಲೆ ಎಂಜಿನ್ ಸುಟ್ಟು ಕಾರು ಬೈರಿದೇವರಕೊಪ್ಪದ ಮನೆಯ ಪಕ್ಕದ ತಗಡು ಪತ್ರಾಸಿನ ಶೆಡ್ಡಿನಲ್ಲಿ ಇಟ್ಟಂಗಿಯ ಮೇಲೆ ನಿಂತಿತು. ಸಿದ್ಧಾರೂಢನಿಗೆ ಹುಚ್ಚು ಹತ್ತಿದ್ದು ಆಗಲೇ. ಅಪ್ಪನ ಕಾರಿನ ಮೈ ಹಾಗೇ ಇರಬೇಕು, ಒಳಗಿನದೆಲ್ಲ ಈಗಿನದಾಗಬೇಕು. ಮೊದಮೊದಲು ಸಂಜೆಗೊಂದಿಷ್ಟು ಹೊತ್ತು ಶೆಡ್ಡಿಗೆ ಹೋಗುತ್ತಿದ್ದ. ಬರಬರುತ್ತ ಕಾರ್ಖಾನೆಯಿಂದ ಬಂದವನು ಮನೆಯ ಹೊಸ್ತಿಲು ದಾಟದೆ ನೇರ ಅಲ್ಲಿಗೇ ನಡೆದ. ಚಹಾ ಅಲ್ಲಿಗೇ ಬರುತ್ತಿತ್ತು, ಆರಿ ಕೆನೆಗಟ್ಟಿ ಹಾಗೇ ವಾಪಸು ಹೋಗುತ್ತಿತ್ತು. ಉಮಾಶ್ರೀ ಆಸ್ಪತ್ರೆಯಲ್ಲಿ ನರ್ಸು. ಅವಳ ಡ್ಯೂಟಿ, ಮಗಳ ಸಾಲೆ, ಡಬ್ಬಿ, ಇಸ್ತ್ರಿ, ಜ್ವರ, ಪಾಲಕರ ಸಭೆ, ಎಲ್ಲ ಅವಳ ತಲೆಯ ಮೇಲೆಯೇ ಸಾಗಿದವು. ಜಗಳವಾಗಲಿಲ್ಲ. ಜಗಳವಾಡಲು ಇಬ್ಬರೂ ಒಂದು ಕಡೆ ಕೂತಿರಬೇಕಲ್ಲ.

ಅವಳಿಗೆ ಧಾರವಾಡದ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಾಗ ಅಲ್ಲೇ ಹತ್ತಿರ ಒಂದು ಮನೆ ಹಿಡಿದಳು. ಹೊರಡುವ ದಿನ ಶೆಡ್ಡಿನ ಬಾಗಿಲಿಗೆ ಬಂದು ನಿಂತಳು. ಅವನು ಕಾರಿನ ಕೆಳಗೆ ಮಲಗಿದ್ದ. ಅವನಿಗೆ ಕಂಡದ್ದು ಅವಳ ಚಪ್ಪಲಿಗಳು ಮಾತ್ರ.

“ಗಾಡಿ ಮುಗಿಯೂತನಕ ನಾವು ಧಾರವಾಡದಾಗ ಇರ್ತೇವ್ರಿ. ಮುಗದ ಮ್ಯಾಗ ಹೇಳ್ರಿ.”

“ಹೂಂ,” ಎಂದಿದ್ದ ಅವನು, ಬಾಯಲ್ಲಿ ನಟ್ಟು ಕಚ್ಚಿಕೊಂಡು.

ಅವರು ನಿಜಕ್ಕೂ ಹೋದರು ಎಂಬುದು ಅವನಿಗೆ ಒಮ್ಮೆಲೇ ತಿಳಿಯಲಿಲ್ಲ. ಒಂದು ದಿನ ಪಡ್ಡು ಮಾಡಿಕೊಳ್ಳೋಣವೆಂದು ಹಂಚು ಹುಡುಕಿದ. ಅಡುಗೆಮನೆಯ ಮೊಳೆಯಲ್ಲಿ ಅದು ಇರಲಿಲ್ಲ, ಮೊಳೆಯ ಸುತ್ತ ಕರಿ ಗುರುತಷ್ಟೇ ಇತ್ತು. ಆವತ್ತು ಮನೆಯನ್ನೆಲ್ಲ ಸುತ್ತಿ ನೋಡಿದ. ಸಾನ್ವಿಯ ಕಂಪಾಸ್ ಪೆಟ್ಟಿಗೆ ಇಲ್ಲ. ಉಮಾಳ ಹಳೆಯ ಸ್ವೆಟರೂ ಇಲ್ಲ. ಒಂದೊಂದು ಚೀಲದಷ್ಟಾಗಿ, ಬಂದಾಗೊಮ್ಮೆ ಹೋದಾಗೊಮ್ಮೆ, ಮನೆ ಖಾಲಿಯಾಗಿತ್ತು. ಮಾರನೆಯ ದಿನದಿಂದ ಅವನು ಶೆಡ್ಡಿನಲ್ಲಿ ಇನ್ನೂ ಹೆಚ್ಚು ದುಡಿಯತೊಡಗಿದ. ಮುಗಿದ ಮೇಲೆ ಹೇಳು ಎಂದಿದ್ದಾಳೆ, ಮುಗಿಸಿದರೆ ಬರುತ್ತಾಳೆ. ಲೆಕ್ಕ ಅವನಿಗೆ ಸರಳವಾಗಿಯೇ ಕಂಡಿತ್ತು.

ತೊಡಕಾದದ್ದು ಸೀಟಿನದೇ. ವ್ಯಾನಿನ ಎಂಜಿನ್ನಿಗೆ ಗೇರಿನ ಕೋಲು ನೆಲದಿಂದ ಮೇಲೆದ್ದು ನಿಲ್ಲುತ್ತದೆ. ಅದಕ್ಕೆ ದಾರಿ ಬೇಕೆಂದರೆ ಉದ್ದ ಸೀಟನ್ನು ನಡುವೆ ಕೊಯ್ಯಬೇಕು. ನೋಡಿದವರೆಲ್ಲ ಕೊಯ್ಯಿ ಎಂದರು. ಅವನು ಒಪ್ಪಲಿಲ್ಲ. ಗೇರುಪೆಟ್ಟಿಗೆಯಿಂದ ಎರಡು ಕೇಬಲ್ಲುಗಳನ್ನು ಮೇಲಕ್ಕೆಳೆದು, ಹಳೆಯ ಸ್ಟೀರಿಂಗ್ ಕಡ್ಡಿಗೇ ಕೂಡಿಸುವ ಜೋಡಣೆಯೊಂದನ್ನು ತಾನೇ ಲೇತ್ ಯಂತ್ರದಲ್ಲಿ ಕಡೆದ. ಮೊದಲ ಸಲ ಎರಡನೇ ಗೇರು ಹಾಕಿದರೆ ಕಾರು ಹಿಂದಕ್ಕೆ ಹೋಗಿ ಶೆಡ್ಡಿನ ಪತ್ರಾಸಿಗೆ ಗುದ್ದಿತು. ಇನ್ನೊಂದು ಸಲ ಕಡ್ಡಿ ಕೈಗೇ ಕಿತ್ತುಕೊಂಡು ಬಂತು. ಮಳೆಗಾಲ ಪೂರ್ತಿ ಅದರಲ್ಲೇ ಕಳೆಯಿತು. ಕೊನೆಗೊಂದು ಸಂಜೆ ಗೇರು ಬೆಣ್ಣೆಯೊಳಗೆ ಬೆರಳಿಟ್ಟಂತೆ ಬಿತ್ತು. ಅವನು ಡಬ್ಬಿಯೊಂದರ ಮೇಲೆ ಒಬ್ಬನೇ ಕೂತು, ನಿಂತ ಕಾರಿನಲ್ಲೇ ಒಂದರಿಂದ ಐದರವರೆಗೆ ಹಾಕುತ್ತ, ತೆಗೆಯುತ್ತ, ಮತ್ತೆ ಹಾಕುತ್ತ ಇದ್ದ. ‘ನೋಡಿಲ್ಲೆ’ ಎಂದು ಕರೆಯಲು ಎಡಕ್ಕೆ ತಿರುಗಿದರೆ, ಎಡಕ್ಕೆ ಸೀಟೂ ಇರಲಿಲ್ಲ. ಅದು ಇನ್ನೂ ಕಾಸಿಮಸಾಬನ ಅಂಗಡಿಯಲ್ಲಿತ್ತು.

ಆ ಸೀಟು ಬಂದು ಕೂತ ದಿನ ಅವನು ಉಮಾಶ್ರೀಗೆ ಫೋನು ಮಾಡಿದ.

“ಅಮಾಸಿ ದಿನ ಗಾಡಿ ಪೂಜಿ ಇಟ್ಟೇನಿ. ಇಬ್ರೂ ಬರ್ರಿ.”

“ಬರ್ತೇವ್ರಿ. ಮಧ್ಯಾಹ್ನ ಡ್ಯೂಟಿ ಐತಿ ನಂಗ, ಮುಂಜಾನಿ ಮುಗಸಬೇಕು.”

“ಗಾಡ್ಯಾಗ ಬಿಟ್ಟ ಬರ್ತೇನಿ,” ಎಂದ. ಬಿಟ್ಟು ಬರುವ ಪ್ರಸಂಗವೇ ಬರಲಿಕ್ಕಿಲ್ಲ ಎಂದು ಮನಸ್ಸಿನಲ್ಲಿ ಅಂದುಕೊಂಡ. ಮೊಳೆಯ ಸುತ್ತಲಿನ ಕರಿ ಗುರುತನ್ನು ಆ ದಿನವೇ ಸುಣ್ಣ ಬಳಿದು ಅಳಿಸಿದ.

ಅಮಾವಾಸ್ಯೆಯ ದಿನ ತಾಯಿ ಮಗಳು ಧಾರವಾಡದಿಂದ ಬರುವ ಚಿಗರಿ ಬಸ್ಸಿನಿಂದಿಳಿದು ನಡೆದು ಬಂದರು. ಸಾನ್ವಿಯನ್ನು ಕಂಡು ಅವನಿಗೆ ಒಳಗೊಳಗೇ ದಿಗಿಲಾಯಿತು. ಹಬ್ಬಕ್ಕೆ ಬಂದಾಗಲೆಲ್ಲ ನೋಡಿದ್ದ. ಆದರೆ ಕಾರಿನ ಪಕ್ಕಕ್ಕೆ ನಿಂತಾಗ ಅವಳ ಎತ್ತರ ಬೇರೆಯೇ ಕಂಡಿತು. ಕಿಟಕಿಯೊಳಗೆ ಇಣುಕಲು ಬಗ್ಗಬೇಕಾಗಿತ್ತು ಅವಳಿಗೆ. ಕನ್ನಡಕ ಬಂದಿತ್ತು. ಸೀಟಿನ ನಡುವಿನ ಜಾಗವನ್ನು ಅವನು ಮನಸ್ಸಿನಲ್ಲೇ ಅಳೆದ. ಕೂತರೆ ಮೊಣಕಾಲು ಗೇರಿನ ಕಡ್ಡಿಗೆ ತಾಗುತ್ತದೆ. ಅವನು ಇಷ್ಟು ದಿನ ಅಳತೆ ಹಿಡಿದದ್ದು ಬೇರೊಂದು ಮಗುವಿಗೆ.

“ಪಪ್ಪಾ, ಭಾಳ ಮಸ್ತ್ ಆಗೇತಿ! ಫೋಟೋ ತಗೀಲ್ಯಾ?”

“ತಗೀ, ತಗೀ. ಮುಂದಿನ ಲೈಟ್ ನೋಡು, ಹೊರಗಿನ ಬುಟ್ಟಿ ಹಳೇದ, ಒಳಗ ಹೊಸಾ ಬಲ್ಬು.”

ಉಮಾಶ್ರೀ ಕಾರಿಗೆ ಒಂದು ಸುತ್ತು ಹಾಕಿದಳು. ಕಡಲೆಕಾಯಿ ಬಣ್ಣದ ಮೈ, ಕೆಂಗಂದು ಸೀಟು. ಬಾಗಿಲಿನ ಹಿಡಿಕೆಯನ್ನು ಮುಟ್ಟಿದಳು. ಅದು ಹಳೆಯದೇ. ಅವಳ ಬೆರಳು ಅಲ್ಲಿ ಒಂದು ಗಳಿಗೆ ನಿಂತದ್ದನ್ನು ಸಿದ್ಧಾರೂಢ ನೋಡಿದ. ಅಷ್ಟಕ್ಕೇ ಅವನ ಎದೆ ಉಬ್ಬಿತು.

ಗುರುಪಾದಯ್ಯನವರು ಬಂದರು. ಮನೆತನಕ್ಕೆ ಹಿಂದಿನಿಂದ ಪೂಜೆ ಮಾಡಿಸುತ್ತ ಬಂದ ಅಯ್ಯನವರು. ವಯಸ್ಸಾಗಿತ್ತು, ಕಿವಿಯೂ ಮಂದ. ಕಾರಿನ ಮೂತಿಗೆ ಮೂರು ಬೆರಳ ವಿಭೂತಿ ಎಳೆದರು, ಹೂವು ಏರಿಸಿದರು, ಗಾಲಿಗಳ ಕೆಳಗೆ ಲಿಂಬೆಹಣ್ಣು ಇಡಿಸಿದರು.

“ಗಂಡಾ ಹೆಂಡತಿ ಕೂಡಿ ಕಾಯಿ ಒಡೀರಪಾ,” ಎಂದರು. ಇಬ್ಬರೂ ಕೂಡಿ ಹಿಡಿದರು. ತೆಂಗಿನಕಾಯಿಯ ಜುಟ್ಟಿನ ಹತ್ತಿರ ಇಬ್ಬರ ಬೆರಳು ತಾಗಿದವು. ಕಾಯಿ ಒಂದೇ ಏಟಿಗೆ ಹೋಳಾಯಿತು. ಆರತಿ ಮುಗಿಯಿತು.

“ಹೂಂ, ಕುಂದರ್ರಿ. ಮೊದಲನೇ ಸವಾರಿ. ತಂಗೀ, ನೀ ಮುಂದ ಕುಂದ್ರವಾ. ಕೂಸಿನ್ನ ನಡುವ ತಗೋ.”

ಸಿದ್ಧಾರೂಢ ಎಡಬಾಗಿಲು ತೆರೆದು ಹಿಡಿದು ನಿಂತಿದ್ದ. ಬಾಗಿಲು ಕಿರುಗುಟ್ಟದ ಹಾಗೆ ಮಾಡಲು ಅವನು ಪಟ್ಟ ಪಾಡು ಅವನಿಗೇ ಗೊತ್ತು.

ಉಮಾಶ್ರೀ ಬಗ್ಗಿ ಒಳಗೆ ನೋಡಿದಳು. ಕೈಯಿಂದ ಸೀಟಿನ ನಡುವೆ ತಡವಿದಳು.

“ನಡುವ ಕೂತಾಕಿಗೆ ಬೆಲ್ಟ್ ಎಲ್ಲೈತ್ರಿ?”

“ಎರಡೂ ಕಡೆ ಹಾಕೇನಿ. ನಡುವ... ನಡುವ ಹಾಕಾಕ ಜಾಗಾ ಬರಂಗಿಲ್ಲ ಉಮಾ. ಸಾವಕಾಶ ಹೊಡೀತೇನಿ.”

“ಸಾವಕಾಶ ಹೊಡದವರನ್ನೂ ನಮ್ಮಲ್ಲೆ ಸ್ಟ್ರೆಚರ್ ಮ್ಯಾಲ ತರ್ತಾರ್ರಿ. ದಿನಾ ನೋಡ್ತೇನಿ.” ದನಿಯಲ್ಲಿ ಸಿಟ್ಟಿರಲಿಲ್ಲ, ವಾರ್ಡಿನಲ್ಲಿ ರೋಗಿಯ ಕಡೆಯವರಿಗೆ ತಿಳಿಹೇಳುವ ದನಿ. “ಹಿಂದ ಬೆಲ್ಟ್ ಅದಾವಲ್ಲ?”

ಇದ್ದವು. ಹಿಂದಿನ ಸೀಟನ್ನು ಅವನು ಈಗಿನ ಕಾರಿನದನ್ನೇ ತಂದು ಕೂಡಿಸಿದ್ದ, ತಲೆಗೆ ಆಸರೆ, ಬೆಲ್ಟು, ಫೋನಿನ ಚಾರ್ಜರು ಸಮೇತ. ಅದಕ್ಕೆ ಅವನು ಹೆಚ್ಚು ತಲೆ ಕೆಡಿಸಿಕೊಂಡಿರಲಿಲ್ಲ. ಕಾಯಿಪಲ್ಲೆಯ ಚೀಲ ಇಡುವ ಜಾಗ ಅದು.

“ಸಾನ್ವಿ ಹಿಂದ ಕುಂದ್ರಲಿ. ಗಾಡ್ಯಾಗ ಆಕೀಗೆ ಹೊಟ್ಟಿ ತೊಳಸ್ತದ, ನಾನೂ ಜೋಡೀನ ಕುಂದರ್ತೇನಿ.”

“ಮುಂದ ಕುಂದ್ರವಾ, ತಂಗೀ!” ಎಂದರು ಅಯ್ಯನವರು, ಮಾತು ಕೇಳಿಸದೆ.

“ಹಿಂದನ ಛಲೋ ಐತ್ರಿ, ಅಜ್ಜಾರ!” ಎಂದು ಅವಳು ಗಟ್ಟಿಯಾಗಿ ಹೇಳಿ ನಕ್ಕಳು.

ಹಿಂದಿನ ಬಾಗಿಲು ಮುಚ್ಚಿಕೊಂಡಿತು. ಅವನು ಎಡಬಾಗಿಲನ್ನೂ ಮುಚ್ಚಿ, ಸುತ್ತಿ ಬಂದು ಕುಳಿತ. ಲಿಂಬೆಹಣ್ಣು ಚಿಟಿಲ್ಲೆಂದು ಒಡೆದವು.

ಧಾರವಾಡದ ಹಾದಿಯಲ್ಲಿ ಅಮರಗೋಳ ದಾಟಿತು. ಎಂಜಿನ್ ತಣ್ಣಗೆ ಗುನುಗುತ್ತಿತ್ತು. ಎ.ಸಿ.ಯ ಗಾಳಿ ಬರುತ್ತಿತ್ತು. ಗೇರು ಬಿದ್ದ ಸದ್ದೂ ಇಲ್ಲ. ಎಡಗೈ ಕಡ್ಡಿಯ ಮೇಲಿತ್ತು, ಕೈಯ ಮೇಲೆ ಬಿಸಿಲು. ಒಳಗನ್ನಡಿ ಅಪ್ಪನ ಕಾಲದ್ದು, ಅಂಗೈಯಷ್ಟು. ಅದರಲ್ಲಿ ಇಬ್ಬರೂ ಪೂರ್ತಿ ಕಾಣುತ್ತಿರಲಿಲ್ಲ. ಒಬ್ಬಳ ಅರ್ಧ ಮುಖ, ಇನ್ನೊಬ್ಬಳ ಕನ್ನಡಕ. ಫೋನಿನಲ್ಲಿ ಏನನ್ನೋ ನೋಡಿ ಇಬ್ಬರೂ ಕಿಸಕ್ಕನೆ ನಕ್ಕರು.

“ಏನದು?” ಎಂದ ಅವನು ಕನ್ನಡಿಗೆ.

“ಏನಿಲ್ಲ ಪಪ್ಪಾ. ಕ್ಲಾಸಿನ ಗ್ರೂಪಿನ್ಯಾಗ ಹಾಕ್ಯಾರ. ನಿನಗ ತಿಳ್ಯಾಂಗಿಲ್ಲ ಬಿಡು.”

ನವನಗರದ ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತ ಆಟೋದವನು ಕಾರನ್ನು ತಲೆಯಿಂದ ಬಾಲದವರೆಗೆ ನೋಡಿದ. ಮುಂದೆ ಒಬ್ಬ, ಹಿಂದೆ ಇಬ್ಬರು ಹೆಣ್ಣುಮಕ್ಕಳು, ಮೂತಿಗೆ ಹೂವು.

“ಏನ್ ಗಾಡೀಲೇ ದೋಸ್ತಾ! ಮದವಿ ಬಾಡಿಗೀಗೆ ಹೊಡೀತಿ ಏನು? ನಂಬರ್ ಕೊಡು, ನಮ್ಮ ತಮ್ಮಂದು ಐತಿ.”

ಹಿಂದೆ ಸಾನ್ವಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಉಮಾಶ್ರೀಯೂ ನಕ್ಕಳು. ನಗುವುದೇ ಸರಿ ಎನಿಸಿ ಅವನೂ ನಕ್ಕ. ಸಿಗ್ನಲ್ಲು ಬಿಟ್ಟಿತು. ಪಕ್ಕದ ಉದ್ದ ಸೀಟು ಬಿಸಿಲಿಗೆ ಹೊಸ ರೆಕ್ಸಿನ್ನಿನ ವಾಸನೆ ಬಿಡುತ್ತಿತ್ತು. ಯಾರೂ ಕೂಡದ ಸೀಟಿಗೆ ವಾಸನೆ ಜಾಸ್ತಿ ಎಂದು ಅವನಿಗೆ ಅನ್ನಿಸಿತು.

ಧಾರವಾಡದ ಮನೆ ಮುಟ್ಟಿದರು. ಸಣ್ಣ ಗೇಟು, ಗೇಟಿನ ಪಕ್ಕ ದಾಸವಾಳ. ಸಾನ್ವಿ ಇಳಿದವಳೇ, “ಥ್ಯಾಂಕ್ಸ್ ಪಪ್ಪಾ, ಒಂಚೂರೂ ಹೊಟ್ಟಿ ತೊಳಸಲಿಲ್ಲ” ಎಂದು ಒಳಗೆ ಓಡಿದಳು. ಉಮಾಶ್ರೀ ಗೇಟಿನ ಮೇಲೆ ಕೈಯಿಟ್ಟು ನಿಂತಳು. ಅವನೂ ಇಳಿದ.

“ಗಾಡಿ ಖರೇನ ಛಲೋ ಮಾಡೀರಿ,” ಎಂದಳು. “ಮಾವನವರು ಇದ್ದಿದ್ರ ಹಿಗ್ಗತಿದ್ರು.”

ಇಷ್ಟು ದಿನ ಯಾರೂ ಆಡಿರಲಿಲ್ಲ ಆ ಮಾತು.

ಅವಳು ಕಾರಿನ ಕಡೆ ನೋಡಿದಳು, ಆಮೇಲೆ ಅವನ ಕಡೆ. “ಹಂಗಾರ ಮುಗೀತೇನ್ರಿ?”

ಎಷ್ಟೋ ದಿನಗಳ ಮೇಲೆ ಒಬ್ಬರು, ಅದೂ ಅವಳು, ಅವನ ಕೆಲಸದ ಬಗ್ಗೆ ಬಾಯಿಬಿಟ್ಟು ಕೇಳಿದ್ದಳು. ಅವನು ಉಬ್ಬಿಹೋದ.

“ಎಲ್ಲಿ ಮುಗೀತದ ಉಮಾ! ಬಂಪರಿಗೆ ಇನ್ನೂ ಪಾಲಿಶ್ ಆಗಬೇಕು. ಹಿಂದಿನ ಕಿಡಕಿ ಬಿಗಿ ಐತಿ, ನೋಡಿದೆಲ್ಲ? ಮೂರನೇ ಗೇರಿನ ಕೇಬಲ್ ಒಂಚೂರು ಎಳೀತದ, ಅದನ್ನ ಬಿಚ್ಚಿ ಮತ್ತ ಕೂಡಸಬೇಕು. ನಡುವ ಬೆಲ್ಟ್ ಅಂದಿ, ಅದಕ್ಕೂ ಏನರ ಮಾಡ್ತೇನಿ. ನೆಲಕ್ಕ ಒಂದ ಪಟ್ಟಿ ವೆಲ್ಡಿಂಗ್ ಮಾಡಿದ್ರ...”

ಅವನ ಕೈಗಳು ಗಾಳಿಯಲ್ಲಿ ಪಟ್ಟಿಯ ಆಕಾರ ತೋರಿಸುತ್ತಿದ್ದವು. ಅವಳು ತಲೆಯಾಡಿಸುತ್ತ ಕೇಳಿದಳು, ಪೂರ್ತಿ ಕೇಳಿದಳು.

“ಹೂಂ. ಆಗ್ಲಿ. ಸಾವಕಾಶ ಮಾಡ್ರಿ,” ಎಂದಳು. ಗೇಟು ಹಾಕಿಕೊಂಡಳು. ಚಿಲಕ ಎಳೆದುಕೊಂಡದ್ದು ಕೂಡ ಮೆಲ್ಲಗೆ.

ವಾಪಸು ಬರುವಾಗ ನವಲೂರಿನ ಹತ್ತಿರ ಅವನ ಕಾಲು ಎಕ್ಸಿಲರೇಟರಿನಿಂದ ತಾನಾಗಿಯೇ ಸಡಿಲಿತು. ಹಿಂದಿನ ಲಾರಿ ಹಾರ್ನ್ ಬಾರಿಸುತ್ತ ಪಕ್ಕದಿಂದ ಹೋಯಿತು. ಅವನು ಕಾರನ್ನು ರಸ್ತೆಯ ಅಂಚಿಗೆ ಎಳೆದು ನಿಲ್ಲಿಸಿದ. ಮುಗಿದ ಮೇಲೆ ಹೇಳ್ರಿ ಎಂದು ಶೆಡ್ಡಿನ ಬಾಗಿಲಲ್ಲಿ ಅಂದಿದ್ದಳು. ಇವನು ಹೇಳಿರಲಿಲ್ಲ. ಪೂಜೆಗೆ ಬಾ ಎಂದಿದ್ದ, ಅಷ್ಟೇ. ಅದಕ್ಕೇ ಅವಳು ತಾನಾಗಿ ಕೇಳಿದ್ದಳು, ಗೇಟಿನ ಮೇಲೆ ಕೈಯಿಟ್ಟು, ತೆರೆಯಲೋ ಮುಚ್ಚಲೋ ಎನ್ನುವ ಹಾಗೆ ನಿಂತು. ಒಂದು ಶಬ್ದ ಹೇಳಿದ್ದರೆ ಸಾಕಾಗಿತ್ತು. ಇವನು ಬಂಪರಿನ ಕಥೆ ಹೇಳಿದ.

ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಕೂತ. ಕಾರಿನೊಳಗೆ ಎಷ್ಟು ಸದ್ದಿಲ್ಲವೆಂದರೆ ಅವನ ಉಸಿರು ಅವನಿಗೇ ಕೇಳಿಸುತ್ತಿತ್ತು. ಈ ಸದ್ದಡಗಿಸಲು ಅವನು ಬಾಗಿಲುಗಳ ಒಳಗೆಲ್ಲ ಫೋಮ್ ತುಂಬಿದ್ದ.

ಯಾರೋ ಕಿಟಕಿ ತಟ್ಟಿದರು. ಬುಟ್ಟಿಯಿಟ್ಟುಕೊಂಡು ಪೇರಲಹಣ್ಣು ಮಾರುತ್ತಿದ್ದ ಹೆಣ್ಣುಮಗಳು.

“ಆರಾಮ ಅದೀಯೇನೋ ಯಣ್ಣಾ? ನೀರ ಬೇಕೇನು?”

“ಆರಾಮ ಅದೇನಿ ಯವ್ವಾ.” ಅವನು ಕೆಳಗಿಳಿದ. ಇಳಿದದ್ದಕ್ಕೆ ಏನಾದರೂ ಮಾಡಬೇಕಲ್ಲ ಎಂದು ಹಣ್ಣು ಆರಿಸತೊಡಗಿದ.

“ಏನ್ ಗಾಡಿ ಐತಲೇ ಯಪ್ಪಾ! ಒಳಗ ಮಂಚಾನ ಹಾಕೀಯಲ್ಲ. ಇಷ್ಟ ಜಾಗಾ ಇಟಗೊಂಡು ಒಬ್ಬಾಂವನ ಹೊಂಟೀ?”

“ಹೂಂ.”

“ಹೆಂಡ್ತಿ ತವರಿಗೆ ಹೋಗ್ಯಾಳೇನು?”

ಅವನು ಫೋನು ತೆಗೆದ. ಎರಡು ಹೆಜ್ಜೆ ಆ ಕಡೆ ಹೋಗಿ ನಿಂತ. ರಿಂಗಾಯಿತು, ನಿಂತಿತು. ಮತ್ತೆ ಹಚ್ಚಿದ. ಡ್ಯೂಟಿಗೆ ಹೊರಟಿರಬೇಕು, ಸೀರೆಗೆ ಪಿನ್ನು ಚುಚ್ಚಿಕೊಳ್ಳುತ್ತಿರಬೇಕು.

“ಹೇಳ್ರಿ. ಏನಾತು? ಗಾಡಿ ನಿಂತತೇನು?”

“ಇಲ್ಲ, ಗಾಡಿ ಆರಾಮ ಐತಿ. ಉಮಾ, ಗಾಡಿ ಮುಗೀತು.”

“ಆಂ?”

“ನೀ ಕೇಳಿದೆಲ್ಲ. ಮುಗೀತು ಅಂತ ಹೇಳಾಕ ಫೋನ್ ಹಚ್ಚಿದೆ. ಇನ್ನ ಅದಕ್ಕ ಕೈ ಹಚ್ಚಂಗಿಲ್ಲ.”

ಆ ಕಡೆ ಬಕೆಟ್ಟಿಗೆ ನಳದ ನೀರು ಬೀಳುವ ಸದ್ದು. ಯಾರೋ ನಳ ತಿರುಗಿಸಿದರು, ಸದ್ದು ನಿಂತಿತು.

“ಬಂಪರ್?”

“ಹಂಗ ಇರ್ಲಿ.”

“ಕಿಡಕಿ?”

“ಅದೂ ಹಂಗ ಇರ್ಲಿ.”

ಫೋನು ಕಡಿದುಹೋಯಿತೇನೋ ಎಂದು ಅವನು ಪರದೆ ನೋಡಿದ. ಕಡಿದಿರಲಿಲ್ಲ.

“ಅಲ್ರೀ,” ಎಂದಳು ಕೊನೆಗೆ, ದಣಿದ ದನಿಯಲ್ಲಿ, “ಅದನ್ನ ಹೇಳಾಕ ನಿಮಗ ಇಷ್ಟ ವರ್ಷ ಬೇಕಾತು. ನಂಗ ಕೇಳಿಸ್ಕೊಳ್ಳಾಕೂ ಒಂದೀಟು ಟೈಮ್ ಕೊಡ್ರಿ. ಈಗ ಇಲ್ಲೆ ಸಾನ್ವಿದು ಸಾಲಿ ಐತಿ, ಆಕೀ ಗೆಳತ್ಯಾರ ಅದಾರ. ಒಮ್ಮೆಲೇ ಗಂಟ ಕಟ್ಟಿಕೊಂಡು ಬರಾಕ ಆಗಂಗಿಲ್ಲ.”

“ಬಾ ಅಂತ ಹೇಳಾಕ ಹಚ್ಚಿಲ್ಲ,” ಎಂದ ಅವನು. ಅದು ಸುಳ್ಳು. ಇಬ್ಬರಿಗೂ ಗೊತ್ತಿತ್ತು.

“ಐತವಾರ ಊಟಕ್ಕ ಬರ್ರಿ. ಆಕೀಗೆ ಲೆಕ್ಕ ತಿಳೀವಲ್ವು, ಕೂತು ಹೇಳಿಕೊಡ್ರಿ.”

“ಬರ್ತೇನಿ. ಮುಂಜಾನಿನ ಬರ್ತೇನಿ. ಗಾಡಿ ತಗೊಂಡ ಬಂದು ಊಟಾ ಆದ ಮ್ಯಾಗ ಮೂರೂ ಮಂದಿ ಕೆಲಗೇರಿ ಕೆರೀ ಕಡೆ...”

“ಬಸ್ಸಿನ್ಯಾಗ ಬರ್ರಿ,” ಎಂದಳು ಉಮಾಶ್ರೀ. “ಡ್ಯೂಟಿಗೆ ಹೊತ್ತಾತು. ಇಡ್ತೇನಿ.”

ಅವನು ಫೋನನ್ನು ಕಿಸೆಗೆ ಹಾಕಿಕೊಂಡು ತಿರುಗಿದಾಗ ಕಾರಿನ ಸುತ್ತ ನಾಲ್ಕಾರು ಮಂದಿ ಸೇರಿದ್ದರು. ಬೈಕಿನಿಂದಿಳಿದವನೊಬ್ಬ ಕಿಟಕಿಯ ಗಾಜಿಗೆ ಅಂಗೈ ಮರೆಮಾಡಿ ಒಳಗೆ ಇಣುಕುತ್ತಿದ್ದ.

“ಸರ, ನಿಮ್ದೇನ್ರಿ? ಗೇರು ಸ್ಟೀರಿಂಗಿಗೇ ಐತಲ್ರಿ! ಎಂಜಿನ್ ಯಾವುದು ಹಾಕೀರಿ? ಹೆಂಗ ಕೂಡಿಸಿದ್ರಿ?”

ಹೇಳುವುದಾದರೆ ಸಂಜೆಯವರೆಗೂ ಹೇಳುವಷ್ಟಿತ್ತು. ಕೇಬಲ್ಲಿನದು, ಲೇತಿನದು, ಪತ್ರಾಸಿಗೆ ಗುದ್ದಿದ್ದು. ಸಿದ್ಧಾರೂಢನ ಬಾಯಿ ತೆರೆಯಿತು ಕೂಡ.

“ವ್ಯಾನಿಂದು,” ಎಂದಷ್ಟೇ ಹೇಳಿ ಬಾಗಿಲು ತೆರೆದು ಕುಳಿತ. ಹಣ ಕೊಟ್ಟು ಪಡೆದ ಪೇರಲಹಣ್ಣಿನ ಚೀಲವನ್ನು ಪಕ್ಕಕ್ಕಿಟ್ಟ. ಹುಬ್ಬಳ್ಳಿಯ ಕಡೆಗೆ ಗಾಡಿ ಹೊರಟಾಗ ಹಣ್ಣುಗಳು ಚೀಲದಿಂದ ಹೊರಬಿದ್ದು, ಆ ಉದ್ದ ಸೀಟಿನ ಮೇಲೆ ಆ ತುದಿಯವರೆಗೂ ಉರುಳಿಕೊಂಡು ಹೋದವು. ಅವುಗಳನ್ನು ತಡೆಯುವವರು ನಡುವೆ ಯಾರೂ ಇರಲಿಲ್ಲ.